ರೋಡಲ್ಲಿ ಬಿಟ್ಟದ್ದು

ನನ್ನ ಕೆಲಸದ ವಿಡಿಯೋಗಳಲ್ಲಿ ಸದ್ದು ಇರುವುದಿಲ್ಲ. ದೀಪದ ಕಂಬಕ್ಕೆ ಕಟ್ಟಿದ ಸಣ್ಣ ಕ್ಯಾಮೆರಾ ಮೇಲಿನಿಂದ ರಸ್ತೆಯನ್ನು ನೋಡುತ್ತದೆ. ಅದು ನೋಡಿದ್ದನ್ನು ನಾನು ಈ ಅರಬ್ ದೇಶದ ಖೋಬರ್‌ನ ಕಚೇರಿಯಲ್ಲಿ ಕೂತು ಮತ್ತೆ ನೋಡುತ್ತೇನೆ. ಯಾರು ಎಲ್ಲಿ ದಾಟಿದರು, ಯಾವ ಗಾಡಿ ಎಷ್ಟು ಹತ್ತಿರ ಬಂತು, ಬ್ರೇಕ್ ಹಾಕಿತೋ ಇಲ್ಲವೋ, ಎಲ್ಲವನ್ನೂ ಬರೆದು ಒಂದೊಂದಕ್ಕೂ ಒಂದು ಅಂಕಿ ಕೊಡಬೇಕು. ಒಂದು ಎಂದರೆ ಬೆದರಿದರು. ಎರಡು ಎಂದರೆ ಹಾರಿ ತಪ್ಪಿಸಿಕೊಂಡರು. ಮೂರು, ಗಾಡಿ ತಗುಲಿತು. ನಾಲ್ಕು, ಬಿದ್ದರು. ಐದಕ್ಕೆ ನಮ್ಮ ನಮೂನೆಯಲ್ಲಿ ವಿವರಣೆ ಇರಲಿಲ್ಲ, ಬರಿಯ ಅಂಕಿ ಇತ್ತು.

ಹೀಗೆ ನಾನು ಬಹಳ ಹೊಡೆತಗಳನ್ನು ನೋಡಿದ್ದೆ. ಕಾರಿನ ಕನ್ನಡಿ ಬಡಿದು ಭುಜ ಹಿಡಿದುಕೊಂಡು ಮರಳಿನಲ್ಲಿ ಕುಳಿತವನನ್ನು ನೋಡಿದ್ದೆ. ಓಡುವ ಕಾರಿನ ಕಿಟಕಿಯಿಂದ ಸೈಕಲ್ಲಿನವನ ಬೆನ್ನಿಗೆ ತುಂಬಿದ ನೀರಿನ ಬಾಟಲಿ ಎಸೆದು ಹೋದವರನ್ನು, ಬಾಟಲಿ ಬಿದ್ದವನು ಸೈಕಲ್ಲಿನ ಸಮೇತ ಡಾಂಬರಿನ ಮೇಲೆ ಉಜ್ಜಿಕೊಂಡು ಹೋದದ್ದನ್ನು ನೋಡಿದ್ದೆ. ಬೇಕೆಂದೇ ದಾರಿಹೋಕನ ಕಡೆಗೆ ಸ್ಟಿಯರಿಂಗ್ ತಿರುಗಿಸಿ, ಅವನು ಹಾರಿದ ಮೇಲೆ ನೆಟ್ಟಗಾದ ಕಾರನ್ನೂ ನೋಡಿದ್ದೆ. ಎಲ್ಲವೂ ಮೂಕವಾಗಿ, ಸ್ವಲ್ಪ ಮಸುಕಾಗಿ ನಡೆಯುತ್ತಿತ್ತು. ನಾನು ಚಹಾ ಕುಡಿಯುತ್ತ ಅಂಕಿ ಹಾಕುತ್ತಿದ್ದೆ. ಗಾಡಿ ಮನುಷ್ಯನಿಗೆ ಬಡಿದಾಗ ಎಂಥ ಸದ್ದು ಬರುತ್ತದೆ ಎನ್ನುವುದು ಆ ಚಳಿಗಾಲದ ಒಂದು ಸಂಜೆಯವರೆಗೆ ನನಗೆ ಗೊತ್ತಿರಲಿಲ್ಲ.

ನಾವು ಮಾಡುತ್ತಿದ್ದದ್ದು ಪೂರ್ವ ಪ್ರಾಂತ್ಯದ ಊರುಗಳಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿಗಳ ಜಾಲವೊಂದನ್ನು ರೂಪಿಸುವ ಕೆಲಸ. ಸಮುದ್ರದ ದಂಡೆಯ ಉದ್ದಕ್ಕೂ ಹಸಿರು ಗೆರೆ ಎಳೆಯುವುದು ಸುಲಭ. ಅಲ್ಲಿ ಸಂಜೆ ಹೊತ್ತು ಹೆಲ್ಮೆಟ್ ಹಾಕಿದ ಸಂಸಾರಗಳು ಬರುತ್ತವೆ, ಚಿತ್ರ ಚೆನ್ನಾಗಿ ಬರುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ನನ್ನ ಪಾಲಿಗೆ ಬಂದದ್ದು ಥುಕ್ಬಾ ಬಡಾವಣೆಯ ಅಂಚಿನ ಒಂದು ಸರ್ವಿಸ್ ರಸ್ತೆ. ಒಂದು ಬದಿಗೆ ಟಯರ್ ಅಂಗಡಿಗಳು, ವರ್ಕ್‌ಶಾಪುಗಳು, ಕೆಲಸಗಾರರ ಕೋಣೆಗಳು. ಇನ್ನೊಂದು ಬದಿಗೆ ಸಾಲು ಬಂಗಲೆಗಳು. ಫುಟ್‌ಪಾತ್ ಇರಬೇಕಾದಲ್ಲಿ ಮರಳು, ಒಡೆದ ಕಾಂಕ್ರೀಟು, ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳು. ಅಲ್ಲಿ ಗೆರೆ ಎಳೆಯಬೇಕಾದರೆ ಅಲ್ಲಿ ಜನ ನಡೆಯುತ್ತಾರೆ, ಸೈಕಲ್ಲಿನಲ್ಲಿ ಹೋಗುತ್ತಾರೆ ಎಂದು ಎಣಿಸಿ ತೋರಿಸಬೇಕು. ಎಣಿಕೆ ಇಲ್ಲದ ಜಾಗ ನಕ್ಷೆಯಿಂದ ತಾನಾಗಿ ಬಿದ್ದುಹೋಗುತ್ತದೆ.

ಆ ರಸ್ತೆಯಲ್ಲಿ ದಿನಾ ಸೈಕಲ್ಲಿನಲ್ಲಿ ಹೋಗುವ ಒಬ್ಬರು ನನಗೆ ಪರಿಚಯವಿದ್ದರು. ನಮ್ಮ ಕಟ್ಟಡಕ್ಕೆ ಇಸ್ತ್ರಿ ಬಟ್ಟೆ ತರುತ್ತಿದ್ದ ಲಾಂಡ್ರಿಯವರು. ಉಡುಪಿ ಕಡೆಯವರು, ಮನೆಮಾತು ತುಳು, ವಯಸ್ಸು ನಲವತ್ತರ ಆಸುಪಾಸು. ಹ್ಯಾಂಡಲ್ಲಿನ ಮೇಲೆ ಅಡ್ಡಕ್ಕೆ ಕಟ್ಟಿದ ಕಬ್ಬಿಣದ ಸಲಾಕೆಗೆ ಹ್ಯಾಂಗರುಗಳನ್ನು ತೂಗುಹಾಕಿ, ಪ್ಲಾಸ್ಟಿಕ್ ಹೊದಿಸಿದ ಬಿಳಿ ಥೋಬುಗಳ, ಇಲ್ಲಿನವರ ಉದ್ದನೆಯ ನಿಲುವಂಗಿಗಳ, ಮರೆಯಲ್ಲಿ ಮುಖ ಮಾತ್ರ ಕಾಣುವಂತೆ ಬರುತ್ತಿದ್ದರು. ಗಾಳಿ ಬಂದರೆ ಸೈಕಲ್ಲಿಗೆ ರೆಕ್ಕೆ ಬಂದ ಹಾಗೆ ಆಗುತ್ತಿತ್ತು. ಆಗ ಇಳಿದು, ಹ್ಯಾಂಗರುಗಳನ್ನು ಮತ್ತೆ ಬಿಗಿದು ಕಟ್ಟಿ ಹತ್ತುತ್ತಿದ್ದರು.

ಒಂದು ದಿನ ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುತ್ತಿದ್ದದ್ದು ಕಿವಿಗೆ ಬಿದ್ದು ಮೆಟ್ಟಿಲ ಮೇಲೆ ನಿಂತರು.

"ನೀವು ಕನ್ನಡವಾ ಮಾರಾಯ್ರೆ? ಯಾವ ಊರು?"

"ದಾವಣಗೆರೆ."

"ಓ, ಘಟ್ಟದವರು! ಹಾಗಾದ್ರೆ ನಿಮ್ಮ ಕನ್ನಡ ನಮಗೆ ಅರ್ಥ ಆಗುದಿಲ್ಲ. ನಮ್ಮ ಕನ್ನಡ ನಿಮಗೆ ನಗು ಬರ್ತದೆ."

"ನಾನೇನು ನಗೋದಿಲ್ಲ ಅಣ್ಣ."

"ಗೊತ್ತುಂಟು, ನೀವು ನಗುದೇ ಇಲ್ಲ. ಇಡೀ ಬಿಲ್ಡಿಂಗಿಗೆ ಗೊತ್ತುಂಟು."

ಅಷ್ಟೇ ಪರಿಚಯ. ನಾನು ಮನೆಯಲ್ಲಿಲ್ಲದಾಗ ಫೋನ್ ಮಾಡಿ "ಬಾಗಿಲಲ್ಲಿ ಬಿಟ್ಟಿದ್ದೇನೆ ಮೇಡಂ" ಎನ್ನುತ್ತಿದ್ದರು. ಅವರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿದ ಮಾತು ಅದೇ. ಬಿಟ್ಟಿದ್ದೇನೆ.

ಆ ಸಂಜೆ ನಾನು ಕ್ಯಾಮೆರಾ ಕಟ್ಟಿದ್ದ ಕಂಬದಿಂದ ತುಸು ದೂರದಲ್ಲಿ ರಸ್ತೆಯ ಅಗಲ ಅಳೆಯುತ್ತಿದ್ದೆ. ಹಳದಿ ಜಾಕೆಟ್ಟು, ಕೈಯಲ್ಲಿ ಅಳತೆಯ ಗಾಲಿ. ಉದ್ದನೆಯ ಹಿಡಿಕೆ, ತುದಿಯಲ್ಲಿ ಒಂದು ಚಕ್ರ, ತಳ್ಳಿಕೊಂಡು ನಡೆದರೆ ಪುಟ್ಟ ಕಿಟಕಿಯಲ್ಲಿ ದೂರ ಏರುತ್ತ ಹೋಗುತ್ತದೆ. ಸಂಜೆಯ ಅಸರ್ ನಮಾಜಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿತ್ತು. ಬಗ್ಗಿ ಅಂಕಿ ಬರೆದುಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಆ ಸದ್ದು ಬಂತು. ಲಾರಿಯ ಮೇಲಿಂದ ತುಂಬಿದ ಅಕ್ಕಿ ಮೂಟೆಯನ್ನು ಸಿಮೆಂಟು ನೆಲಕ್ಕೆ ಎಸೆದರೆ ಬರುವ ಸದ್ದು. ಅದರ ಹಿಂದೆಯೇ ಕಬ್ಬಿಣ ಎಳೆದುಕೊಂಡು ಹೋದ ಸದ್ದು.

ತಿರುಗಿ ನೋಡಿದಾಗ ಮೊದಲು ಕಂಡದ್ದು ಮನುಷ್ಯರು. ಬಿಳಿ ಬಟ್ಟೆ ತೊಟ್ಟ ಐದಾರು ಜನ ಗಾಳಿಯಲ್ಲಿ ತೋಳು ಚಾಚಿ ರಸ್ತೆಯ ಮೇಲೆ ಬೀಳುತ್ತಿದ್ದರು. ಹಿಂದಿನಿಂದ ಬಂದ ಕಾರು ಒಬ್ಬನ ಎದೆಯ ಮೇಲೆ ಹತ್ತಿ ಇಳಿಯಿತು. ಇನ್ನೊಂದು ಕಾರು ಇನ್ನೊಬ್ಬನ ಮುಖದ ಮೇಲೆ. ನಾನು ಕಿರುಚಿದೆ. ಆಮೇಲೆ ಪ್ಲಾಸ್ಟಿಕ್ ಹೊಳೆಯಿತು, ಅವು ಬರಿಯ ಥೋಬುಗಳು ಎಂದು ತಿಳಿಯಿತು. ಅವುಗಳ ನಡುವೆ ಕಂದು ಅಂಗಿಯ ಒಂದು ಮೈ ಬಿದ್ದಿತ್ತು. ಅದು ಅಲುಗಾಡುತ್ತಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಕಾಲು ತಿರುಗದ ಕಡೆಗೆ ತಿರುಗಿಕೊಂಡಿತ್ತು, ಮುರಿದ ಮೂಳೆ ಪ್ಯಾಂಟನ್ನು ಹರಿದು ಹೊರಗೆ ಬಂದಿತ್ತು.

ಬಡಿದದ್ದು ನೀರಿನ ಕ್ಯಾನುಗಳ ಪಿಕಪ್. ಅದು ಇಪ್ಪತ್ತು ಹೆಜ್ಜೆ ಮುಂದೆ ನಿಂತಿತು. ಚಾಲಕ ಇಳಿದು ಓಡಿ ಬಂದ. ನಮ್ಮ ದೇಶದವನೇ, ಹಿಂದಿ ಮಾತಿನವನು, ನನಗಿಂತ ಚಿಕ್ಕವನಿರಬೇಕು. ಎತ್ತಲು ಬಂದನೆಂದು ನಾನು ಅಂದುಕೊಂಡೆ. ಅವನು ಲಾಂಡ್ರಿಯವರ ಕಾಲರು ಹಿಡಿದು ತಲೆ ಮೇಲೆತ್ತಿ ಕೆನ್ನೆಗೆ ಬಾರಿಸಿದ.

"ಅಂಧಾ ಹೈ ಕ್ಯಾ? ಮರ್‌ನಾ ಹೈ ತೋ ಘರ್ ಜಾಕೆ ಮರ್!"

ಸಾಯುವುದಿದ್ದರೆ ಮನೆಗೆ ಹೋಗಿ ಸಾಯಿ ಎನ್ನುತ್ತ ಮತ್ತೊಂದು ಬಾರಿಸಿದ. ಲಾಂಡ್ರಿಯವರ ಬಾಯಿಂದ ರಕ್ತ ಎಳೆಯೆಳೆಯಾಗಿ ಇಳಿಯುತ್ತಿತ್ತು. ಅವರು ಕೈ ಎತ್ತಿ ಮುಖ ಮುಚ್ಚಿಕೊಳ್ಳಲಿಲ್ಲ. ಥೋಬುಗಳ ಕಡೆಗೆ ಕೈ ಚಾಚುತ್ತಿದ್ದರು. "ಬಟ್ಟೆ, ಬಟ್ಟೆ" ಎನ್ನುತ್ತಿದ್ದರು.

ನಾನು ಅಳತೆಯ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಲಕನಿಗೆ ಹೊಡೆದೆ. ಕಿವಿಯ ಹಿಂದೆ ಬಿತ್ತು. ಅವನು ಮಂಡಿಯೂರಿದ. ಅಷ್ಟರಲ್ಲಿ ವರ್ಕ್‌ಶಾಪಿನವರು ಓಡಿ ಬಂದು ಅವನ ಮೇಲೆ ಬಿದ್ದರು. ಎಣ್ಣೆ ಹತ್ತಿದ ಕೈಗಳು, ಬೂಟುಗಳು, ಒಬ್ಬನ ಕೈಯಲ್ಲಿ ಸ್ಪ್ಯಾನರು. ಅವನ ಅಂಗಿ ಹರಿಯಿತು. ಯಾರೋ ಹಿರಿಯರು ಅರಬ್ಬಿಯಲ್ಲಿ ಗದರಿ ಎಲ್ಲರನ್ನೂ ಎಳೆದು ಬಿಸಾಕದಿದ್ದರೆ ಅವನು ಅಲ್ಲೇ ಮುಗಿಯುತ್ತಿದ್ದ. ನಾನು ದೂರ ಸರಿದು ನಿಂತು ಗಾಲಿಯ ಕಿಟಕಿಯನ್ನು ನೋಡಿದೆ. ಗಾಳಿಯಲ್ಲಿ ಬೀಸಿದಾಗ ಚಕ್ರ ತಿರುಗಿ, ನಾನು ನಡೆಯದ ಎರಡು ಮೀಟರನ್ನು ಎಣಿಸಿಕೊಂಡಿತ್ತು.

ನಾನು ಹೊಡೆದದ್ದನ್ನು ಯಾರೂ ಗಮನಿಸಲಿಲ್ಲ, ಅಥವಾ ಅಷ್ಟು ಹೊಡೆತಗಳ ನಡುವೆ ಲೆಕ್ಕಕ್ಕೆ ಹಿಡಿಯಲಿಲ್ಲ. ಗಮನಿಸಿದ್ದು ಕಂಬದ ಮೇಲಿನ ಕ್ಯಾಮೆರಾ ಒಂದೇ. ಆಂಬುಲೆನ್ಸ್ ಹೋದ ಮೇಲೆ ಏಣಿ ಹತ್ತಿ ಅದರ ಕಾರ್ಡನ್ನು ತೆಗೆದೆ.

ಮರುದಿನ ಆಸ್ಪತ್ರೆಯಿಂದ ಕರೆ ಬಂತು. ಸಂಚಾರ ಪೊಲೀಸಿನ ಅಧಿಕಾರಿ ಹೇಳಿಕೆ ಬರೆದುಕೊಳ್ಳಬೇಕು, ಲಾಂಡ್ರಿಯವರಿಗೆ ನೋವಿನ ಮದ್ದಿನ ಮಂಪರಿನಲ್ಲಿ ಹಿಂದಿ ಸರಿಯಾಗಿ ಬರುತ್ತಿಲ್ಲ, ಕನ್ನಡ ಬಲ್ಲವರು ಬೇಕು. ಲಾಂಡ್ರಿಯ ಮಾಲೀಕರು ಭಟ್ಕಳದವರು, ದೂರದ ಹಾಯಿಲ್‌ನಲ್ಲಿರುವ ಇನ್ನೊಂದು ಅಂಗಡಿಗೆ ಹೋಗಿದ್ದರು. ಲಾಂಡ್ರಿಯವರ ಫೋನಿನಲ್ಲಿ ನನ್ನ ನಂಬರ್ ಇದ್ದದ್ದು 'ಘಟ್ಟದ ಮೇಡಂ' ಎಂದಂತೆ.

ಅಧಿಕಾರಿ ಸಮಾಧಾನದ ಮನುಷ್ಯ. ನನಗೆ ಕುರ್ಚಿ ಕೊಟ್ಟು ತಾನು ನಿಂತೇ ಇದ್ದ. ಚಾಲಕನ ಹೇಳಿಕೆ ಆಗಲೇ ಬರೆದಾಗಿತ್ತು: ಸೈಕಲ್ ರಸ್ತೆಯ ನಡುವೆ ನಿಂತಿತ್ತು, ಮನುಷ್ಯ ಪಕ್ಕದಲ್ಲಿ ಬಗ್ಗಿದ್ದ, ಕಾಣಲಿಲ್ಲ. ನೀವು ನೋಡಿದಿರಾ ಎಂದು ನನ್ನನ್ನು ಕೇಳಿದ. ಬಡಿದದ್ದನ್ನು ನೋಡಲಿಲ್ಲ, ಸದ್ದು ಕೇಳಿ ತಿರುಗಿದೆ ಎಂದೆ. ನೋಡದ್ದನ್ನು ನೋಡಿದೆ ಎನ್ನುವವಳಲ್ಲ ನಾನು ಎಂಬ ಹೆಮ್ಮೆ ಆಗಲೂ ಇತ್ತು.

ಲಾಂಡ್ರಿಯವರ ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಕಾಲಿಗೆ ಹೊರಗಿನಿಂದಲೇ ಉಕ್ಕಿನ ಸರಳುಗಳನ್ನು ಚುಚ್ಚಿ ಚೌಕಟ್ಟು ಕಟ್ಟಿದ್ದರು.

"ಸೈಕಲ್ ಎಲ್ಲಿತ್ತು ಅಂತ ಕೇಳ್ತಾರೆ ಅಣ್ಣ. ಬಡಿಯೋ ಹೊತ್ತಿಗೆ."

"ರೋಡಲ್ಲಿ ಮೇಡಂ. ನಾನು ಸೈಕಲ್ ರೋಡಲ್ಲೇ ಬಿಟ್ಟದ್ದು. ಸುಳ್ಳು ಯಾಕೆ ಹೇಳುದು?"

"ರೋಡಲ್ಲೇ ಬಿಟ್ರಾ?"

"ಮತ್ತೆ? ಸೈಡಲ್ಲಿ ಬಿಡ್ಲಿಕ್ಕೆ ಜಾಗ ಎಲ್ಲುಂಟು? ನೀವೇ ಅಳತೆ ಮಾಡಿದ್ದೀರಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಸೈಕಲ್ಲನ್ನು ರಸ್ತೆಯ ಮೇಲೆಯೇ ಬಿಟ್ಟಿದ್ದೆ, ಪಕ್ಕದಲ್ಲಿ ಬಿಡಲು ಜಾಗವಿರಲಿಲ್ಲ, ಎನ್ನುತ್ತಾರೆ. ಅಧಿಕಾರಿ ಒಂದು ಕ್ಷಣ ನನ್ನ ಮುಖ ನೋಡಿದ. ಖಂಡಿತವೇ ಎಂದು ಕೇಳಿದ. ಖಂಡಿತ, ಎರಡು ಸಲ ಹೇಳಿದರು ಎಂದೆ. ಹ್ಯಾಂಗರು ಬಿಗಿಯಲು ಇಳಿದಿರಬೇಕು ಎಂದು ಮನಸ್ಸಿನಲ್ಲೇ ಚಿತ್ರ ಪೂರ್ತಿ ಮಾಡಿಕೊಂಡಿದ್ದೆ. ಅವನು ಅರಬ್ಬಿಯಲ್ಲಿ ಬರೆದುಕೊಂಡ. ಲಾಂಡ್ರಿಯವರು ಹೆಬ್ಬೆರಳು ಒತ್ತಿದರು.

ಆ ವಾರ ಕಚೇರಿಯಲ್ಲಿ ಕ್ಯಾಮೆರಾಗಳ ದಾಖಲೆ ತುಂಬಿಸುವಾಗ, ಆ ಕಂಬದ ಮುಂದೆ 'ಕಾರ್ಡ್ ಕೆಟ್ಟಿದೆ, ಮಾಹಿತಿ ಇಲ್ಲ' ಎಂದು ಬರೆದೆ. ಕಾರ್ಡ್ ಕೆಟ್ಟಿರಲಿಲ್ಲ. ಅದು ನನ್ನ ಮನೆಯಲ್ಲಿ, ಬಳೆಗಳ ಡಬ್ಬಿಯಲ್ಲಿತ್ತು. ಅದರೊಳಗೆ ನಾನು ಒಬ್ಬ ಮನುಷ್ಯನ ತಲೆಗೆ ಹೊಡೆಯುತ್ತಿದ್ದೆ. ಇಕಾಮಾ, ಅಂದರೆ ವಾಸದ ಪರವಾನಗಿ, ಕಚೇರಿಯ ಕೈಯಲ್ಲಿರುವವರು ಕೇಸು ಎಂಬ ಮಾತು ಬಂದರೆ ಎಷ್ಟು ಬೇಗ ವಿಮಾನ ಹತ್ತಬೇಕಾಗುತ್ತದೆ ಎಂಬುದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹೇಳಿಕೆ ಹೇಗೂ ಬರೆದಾಗಿದೆ, ಕಾರ್ಡಿನಿಂದ ಅವರಿಗೇನೂ ಆಗಬೇಕಾದ್ದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಾಹಿತಿ ಇಲ್ಲದ ಆ ಸರ್ವಿಸ್ ರಸ್ತೆ ಮುಂದಿನ ಸಭೆಯ ಹೊತ್ತಿಗೆ ನಕ್ಷೆಯಲ್ಲಿ ಇರಲಿಲ್ಲ. ಗೆರೆ ಬಂಗಲೆಗಳ ಹಿಂದಿನಿಂದ ಸುತ್ತಿ ನೇರವಾಗಿ ಸಮುದ್ರದ ಕಡೆಗೆ ಹೋಗಿತ್ತು.

ಅಪಘಾತವಾದ ಎರಡು ವಾರದ ಮೇಲೆ ಇಸ್ತ್ರಿ ಬಟ್ಟೆಯನ್ನು ಮಾಲೀಕರೇ ತಂದರು. ಕಾರಿನಲ್ಲಿ. ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಬಟ್ಟೆಯ ಕಟ್ಟನ್ನು ನನ್ನ ಕೈಗೆ ಕೊಟ್ಟು ಹೇಳಿದರು.

"ಕಾಲು ತೆಗೀಬೇಕು ಅಂತಿದ್ದಾರೆ ಮೇಡಂ. ಮೊಣಕಾಲಿಂದ ಕೆಳಗೆ."

ಗಾಯ ಕೀವಾಗಿತ್ತು. ಮೂಳೆಯನ್ನೂ ಚರ್ಮವನ್ನೂ ಕೂಡಿಸುವ ದೊಡ್ಡ ಆಪರೇಷನ್ ಬೇರೊಂದು ಆಸ್ಪತ್ರೆಯಲ್ಲಿ ಆಗಬಹುದಿತ್ತು. ಅಲ್ಲಿಗೆ ಸೇರಿಸಬೇಕಾದರೆ ಪಿಕಪ್ಪಿನ ವಿಮೆಯವರ ಒಪ್ಪಿಗೆ ಪತ್ರ ಬೇಕು. ತಪ್ಪು ಪಿಕಪ್ಪಿನದಲ್ಲ ಎಂದು ವರದಿಯಲ್ಲಿ ಇದ್ದುದರಿಂದ ಅವರು ಕೊಡುವುದಿಲ್ಲ. ಇನ್ನು ನಾಲ್ಕು ದಿನ ನೋಡುತ್ತೇವೆ, ಆಮೇಲೆ ಕತ್ತರಿಸಲೇಬೇಕು ಎಂದು ವೈದ್ಯರು ಹೇಳಿದ್ದರು.

"ನಂಗೆ ಒಂದೇ ಅರ್ಥ ಆಗುದಿಲ್ಲ," ಎಂದರು ಮಾಲೀಕರು. "ಸೈಕಲ್ ರೋಡಲ್ಲಿ ಇಟ್ಟು ಎಲ್ಲಿಗೆ ಹೋಗಿದ್ದ ಇವ? ಕೇಳಿದ್ರೆ, ನಾನು ಎಲ್ಲಿಗೂ ಹೋಗ್ಲಿಲ್ಲ, ಬಿಡ್ತಾ ಇದ್ದೆ ಅಂತಾನೆ."

"ಬಿಡ್ತಾ ಇದ್ದೆ ಅಂದ್ರೆ?"

"ಬಿಡ್ತಾ ಇದ್ದೆ ಅಂದ್ರೆ ಬಿಡ್ತಾ ಇದ್ದೆ. ಸೈಕಲ್ ಬಿಡುದು. ಕಾರು ಬಿಡುದು. ನಾನೀಗ ಕಾರು ಬಿಟ್ಟುಕೊಂಡು ಬರ್ಲಿಲ್ವಾ ನಿಮ್ಮ ಮನೆಗೆ?"

ನನ್ನ ಕೈಯಲ್ಲಿದ್ದ ಕಟ್ಟು ಜಾರಿತು. ಅವರು ಬಗ್ಗಿ ಎತ್ತಿಕೊಟ್ಟರು.

"ನಿಮ್ಮಲ್ಲಿ ಎಂತ ಹೇಳುದು ಹಾಗಾದ್ರೆ?"

"ಹೊಡೆಯೋದು," ಎಂದೆ. "ಸೈಕಲ್ ಹೊಡೆಯೋದು. ಕಾರು ಹೊಡೆಯೋದು. ನಮ್ಮಲ್ಲಿ ಬಿಡೋದು ಅಂದ್ರೆ ಬಿಟ್ಟು ಹೋಗೋದು."

ಅವರು ಬಾಗಿಲ ಚೌಕಟ್ಟಿಗೆ ಕೈ ಊರಿದರು.

"ಯಾ ಅಲ್ಲಾ. ಎಂತ ಮಾರಾಯ್ರೆ, ಒಂದು ಅಕ್ಷರ ಕೇಳಿದ್ರೆ ಆಗ್ತಿತ್ತಲ್ಲ! ಅಷ್ಟು ಓದಿದ್ದೀರಿ ನೀವು. ನಿಮ್ಮ ಬಾಯಿಂದ ಇವನ ಕಾಲು ಹೋಯ್ತಲ್ಲ!"

ಅವರ ಧ್ವನಿ ಮೆಟ್ಟಿಲ ತನಕ ಕೇಳಿಸಿತು. ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ಮುಚ್ಚಿದರು. ಅವರು ಹೇಳಿದ್ದರಲ್ಲಿ ಅಳಿಸಬೇಕಾದ ಮಾತು ಒಂದೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ತಪ್ಪಾಗಿ ಹೇಳಿದ ಮಾತನ್ನು ಸರಿಮಾಡುವ ಕಾರ್ಡು ನನ್ನ ಬಳೆಯ ಡಬ್ಬಿಯಲ್ಲಿ ಹದಿನಾಲ್ಕು ದಿನದಿಂದ ಇತ್ತು.

ಅವರು ಹೋದ ಮೇಲೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಕೆಲಸದ ರೀತಿಯಲ್ಲೇ ನೋಡಿದೆ, ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ. ಸೈಕಲ್ ಎಡಗಡೆಯಿಂದ ಬರುತ್ತದೆ. ಥೋಬುಗಳು ತೂಗಾಡುತ್ತವೆ. ಅವರು ಪೆಡಲು ತುಳಿಯುತ್ತಿದ್ದಾರೆ, ನಿಲ್ಲಿಸಿಲ್ಲ, ಇಳಿದಿಲ್ಲ. ನಿಲ್ಲಿಸಿದ ಒಂದು ಕಾರನ್ನು ದಾಟಲು ಒಂದು ಮೊಳ ಎಡಕ್ಕೆ ಸರಿಯುತ್ತಾರೆ. ಪಿಕಪ್ ಹಿಂದಿನಿಂದ ಬರುತ್ತದೆ, ಬ್ರೇಕಿನ ದೀಪ ಹತ್ತುವುದಿಲ್ಲ. ಬಂಪರು ಹಿಂದಿನ ಚಕ್ರವನ್ನು ನುಂಗುತ್ತದೆ. ಮೈ ಮೊದಲು ಮೇಲಕ್ಕೆ ಹೋಗಿ, ಬಾನೆಟ್ಟಿಗೆ ಬಡಿದು, ಅಡ್ಡ ತಿರುಗಿ ಕಾಲು ಕೆಳಗಾಗಿ ಬೀಳುತ್ತದೆ. ಸದ್ದಿಲ್ಲದ ಆ ಚಿತ್ರಕ್ಕೆ ಈಗ ನನ್ನ ತಲೆಯೊಳಗೆ ಸದ್ದಿತ್ತು.

ಆಮೇಲೆ ಹಳದಿ ಜಾಕೆಟ್ಟಿನ ಹೆಂಗಸು ಬಲಗಡೆಯಿಂದ ಬರುತ್ತಾಳೆ. ಒಂದು ಸಲ ಹೊಡೆದೆ ಎಂದೇ ನನ್ನ ನೆನಪು. ಅವಳು ಮೂರು ಸಲ ಹೊಡೆಯುತ್ತಾಳೆ. ಎರಡನೆಯದು ಅವನು ಮಂಡಿಯೂರಿದ ಮೇಲೆ. ಮೂರನೆಯದು ಅವನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ ಮೇಲೆ, ಬೆರಳುಗಳ ಮೇಲೆ. ವರ್ಕ್‌ಶಾಪಿನವರು ಬಂದದ್ದು ಆಮೇಲೆ. ಅವರು ಶುರು ಮಾಡಿದ್ದಲ್ಲ, ನಾನು ಶುರು ಮಾಡಿದ್ದನ್ನು ಮುಂದುವರಿಸಿದ್ದು.

ಅಲ್ಲಿಗೇ ಕತ್ತರಿಸಿ ಕೊಡಬಹುದಿತ್ತು. ಬಡಿದದ್ದು ಸಾಕು, ಉಳಿದದ್ದು ಯಾಕೆ? ಕತ್ತರಿಸಿದ ವಿಡಿಯೋವನ್ನು ಯಾರೂ ನಂಬುವುದಿಲ್ಲ ಎಂಬುದು ನನ್ನ ವೃತ್ತಿಗೆ ಚೆನ್ನಾಗಿ ಗೊತ್ತು. ನಾಲ್ಕೇ ದಿನ ಇದ್ದವು. ಬೆಳಿಗ್ಗೆ ಮೊದಲು ನನ್ನ ಮೇಲಧಿಕಾರಿಗೆ ಹೇಳಿದೆ. ಆಕೆ "ದಾಖಲೆಯಲ್ಲಿ ಸುಳ್ಳು ಬರೆದದ್ದು ನೀನು, ನಂಬಲಾಗುತ್ತಿಲ್ಲ" ಎಂದಳು. ಹೊಡೆದದ್ದರ ಬಗ್ಗೆ ಏನೂ ಹೇಳಲಿಲ್ಲ. ನಾನು ಪೂರ್ತಿ ಕಾರ್ಡು ಹಿಡಿದು ಸಂಚಾರ ಪೊಲೀಸಿನ ಅಧಿಕಾರಿಯ ಬಳಿಗೆ ಹೋದೆ.

ಅವನು ಎರಡು ಸಲ ನೋಡಿದ. ಮೊದಲ ಸಲ ಪಿಕಪ್ಪನ್ನು, ಎರಡನೆಯ ಸಲ ನನ್ನನ್ನು.

"ಇದು ನೀವೇ?"

"ನಾನೇ."

"ಹೇಳಿಕೆ ಕೊಟ್ಟ ದಿನ ಇದನ್ನು ಹೇಳಲಿಲ್ಲ."

"ನೀವು ಕೇಳಲಿಲ್ಲ," ಎಂದೆ. ಆ ಉತ್ತರ ನನಗೇ ಅಸಹ್ಯವಾಯಿತು. "ಹೇಳಬೇಕಾಗಿತ್ತು," ಎಂದು ಸೇರಿಸಿದೆ. ಆಮೇಲೆ 'ಬಿಡು' ಎಂಬ ಮಾತಿನ ಎರಡು ಅರ್ಥವನ್ನು ಬಿಡಿಸಿ ಹೇಳಲು ಹೊರಟೆ. ಒಂದೇ ಭಾಷೆಯವರೇ ಅಲ್ಲವೇ ನೀವಿಬ್ಬರೂ ಎಂದು ಅವನು ಕೇಳಿದ. ಹೌದು ಎಂದೆ. ಅವನು ಅದನ್ನು ಬರೆದುಕೊಳ್ಳಲಿಲ್ಲ. ಚಾಲಕ ದೂರು ಕೊಟ್ಟರೆ ನನ್ನ ಮೇಲೆ ಬೇರೆ ಪ್ರಕರಣವಾಗುತ್ತದೆ, ಅವನು ಕ್ಷಮಿಸಿದರೆ ಅಲ್ಲಿಗೆ ಮುಗಿಯುತ್ತದೆ, ಮಧ್ಯಾಹ್ನ ಅವನನ್ನು ಕರೆಸುತ್ತೇನೆ ಎಂದ.

ಚಾಲಕ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತ. ಕಿವಿಯ ಹಿಂದೆ ಕೂದಲು ಬೋಳಿಸಿ ಹೊಲಿಗೆ ಹಾಕಿದ ಗುರುತು, ಬಲಗೈಯ ಎರಡು ಬೆರಳಿಗೆ ಒಟ್ಟಿಗೆ ಸುತ್ತಿದ ಪಟ್ಟಿ. ಆ ಬೆರಳುಗಳು ಯಾರ ಕೆಲಸ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಧಿಕಾರಿ ವಿಡಿಯೋ ತೋರಿಸಿದ. ಸೈಕಲ್ ಓಡುತ್ತಿದ್ದದ್ದು ಕಂಡಾಗ ಅವನು ಕಣ್ಣು ಕೆಳಗೆ ಹಾಕಿದ.

"ನಾನು ಫೋನು ನೋಡ್ತಿದ್ದೆ," ಎಂದ ಹಿಂದಿಯಲ್ಲಿ. "ಬೆಳಿಗ್ಗೆಯಿಂದ ಡೆಲಿವರಿ. ಮುಂದಿನ ಮನೆಯ ಲೊಕೇಶನ್ ನೋಡ್ತಿದ್ದೆ. ಸತ್ತೇ ಹೋದ ಅಂದುಕೊಂಡೆ ದೀದಿ. ಹತ್ತಿರ ಹೋದ್ರೆ ಬದುಕಿದ್ದ. ಸಿಟ್ಟು ಬಂತು. ಬದುಕಿದ್ದಾನಲ್ಲ ಅಂತ ಸಿಟ್ಟು ಬಂತು, ಯಾಕೆ ಅಂತ ಗೊತ್ತಿಲ್ಲ. ಹೊಡೆದೆ."

ಆಮೇಲೆ ನನ್ನ ಮುಖವನ್ನೇ ನೋಡಿದ.

"ನಿಮಗೆ ಯಾಕೆ ಸಿಟ್ಟು ಬಂತು ದೀದಿ? ಮೂರನೇ ಸಲ?"

ಒಂದನೆಯ ಹೊಡೆತಕ್ಕೆ ನನ್ನಲ್ಲಿ ಕಾರಣ ಇತ್ತು. ನೋಡಿದ್ದ ಅಷ್ಟೂ ಮೂಕ ವಿಡಿಯೋಗಳು ನೆನಪಾದವು, ಆ ಬಾಟಲಿ ಎಸೆದ ಕೈ, ಆ ತಿರುಗಿಸಿದ ಸ್ಟಿಯರಿಂಗು. ಅವರೆಲ್ಲರ ಲೆಕ್ಕವನ್ನು ಈ ಒಬ್ಬನ ಬೆರಳಿನ ಮೇಲೆ ತೀರಿಸಿದೆ ಎಂದು ಅವನಿಗೆ ಹೇಳಲಾಗಲಿಲ್ಲ. ತಪ್ಪಾಯ್ತು ಎಂದೆ. ಅವನು ಪಟ್ಟಿ ಸುತ್ತಿದ ಕೈಯಲ್ಲೇ ಪೆನ್ನು ಹಿಡಿದು, ಕ್ಷಮಿಸಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದ. ಹಾಕುವಾಗ ನೋವಿಗೆ ಹಲ್ಲು ಕಚ್ಚಿದ.

ಹೊಸ ವರದಿ ಮರುದಿನ ಬಂತು. ಮುಕ್ಕಾಲು ಪಾಲು ತಪ್ಪು ಚಾಲಕನದು, ಕಾಲು ಪಾಲು ಸವಾರನದು. ಸವಾರ ನಿಲ್ಲಿಸಿದ ಕಾರನ್ನು ದಾಟಲು ಗಾಡಿಗಳ ಸಾಲಿಗೆ ಸರಿದದ್ದು ಅವನ ಕಾಲು ಪಾಲು. ಬೇರೆ ಎಲ್ಲಿಗೆ ಸರಿಯಬೇಕಿತ್ತು ಎಂಬುದಕ್ಕೆ ವರದಿಯಲ್ಲಿ ಕಾಲಂ ಇರಲಿಲ್ಲ. ವಿಮೆಯವರ ಪತ್ರಕ್ಕೆ ಅಷ್ಟು ಸಾಕಾಗಿತ್ತು. ವೈದ್ಯರು ಹೇಳಿದ ನಾಲ್ಕನೆಯ ದಿನ ಅವರನ್ನು ಆ ಇನ್ನೊಂದು ಆಸ್ಪತ್ರೆಗೆ ಸಾಗಿಸಿದರು. ಹನ್ನೊಂದು ಗಂಟೆಯ ಆಪರೇಷನ್. ಹೊರಗೆ ಮಾಲೀಕರೂ ನಾನೂ ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದೆವು. ಮಧ್ಯಾಹ್ನ ಅವರು ಬೂಫಿಯಾ ಎನ್ನುವ ಸಣ್ಣ ತಿಂಡಿ ಅಂಗಡಿಯಿಂದ ತಂದ ಎರಡು ಸ್ಯಾಂಡ್‌ವಿಚಿನಲ್ಲಿ ಒಂದನ್ನು ನಡುವಿನ ಕುರ್ಚಿಯ ಮೇಲೆ ಇಟ್ಟರು.

ಎರಡು ಹೆಬ್ಬೆರಳಿನಷ್ಟು ಗಿಡ್ಡವಾದರೂ ಕಾಲು ಉಳಿಯಿತು.

ನೋಡಲು ಹೋದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ತೊಡೆಯ ಚರ್ಮ ಕಿತ್ತು ಕಾಲಿಗೆ ಹಾಕಿದ್ದರಿಂದ ಎರಡು ಕಡೆಯೂ ಪಟ್ಟಿ. ನಾನು ನಿಂತುಕೊಂಡೇ, ಮನೆಯಲ್ಲಿ ಬರೆದು ಬಾಯಿಪಾಠ ಮಾಡಿದ್ದಂತೆ, ಎಲ್ಲವನ್ನೂ ಹೇಳಿದೆ. 'ಬಿಟ್ಟದ್ದು' ನನಗೆ ಹೇಗೆ ಅರ್ಥವಾಯಿತು, ಕಾರ್ಡನ್ನು ಎಲ್ಲಿ ಇಟ್ಟಿದ್ದೆ, ಎಷ್ಟು ದಿನ. ಅವರು ಅಡ್ಡ ಮಾತಾಡದೆ ಕೇಳಿದರು. ಮುಗಿದ ಮೇಲೆ ಕಿಟಕಿಯ ಕಡೆ ನೋಡಿದರು.

"ಹದಿನಾಲ್ಕು ದಿನ," ಎಂದರು. "ಕೀವಾದದ್ದು ಎಂಟನೇ ದಿನ."

"ಹೌದು."

"ವಾಸನೆ ಬರ್ತಿತ್ತು ಮೇಡಂ. ನನ್ನದೇ ಕಾಲು, ನಂಗೇ ವಾಂತಿ ಬರ್ತಿತ್ತು."

ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಅವರು ಕೇಳಿದರು.

"ಅವ ಎಂತ ಬರೆದ ಕೊನೆಗೆ, ಪೊಲೀಸು?"

"ಮುಕ್ಕಾಲು ತಪ್ಪು ಡ್ರೈವರಿಂದು. ಕಾಲು ನಿಮ್ಮದು."

ಅವರು ಆ ಮಾತನ್ನು ಬಾಯೊಳಗೆ ತಿರುಗಿಸಿದರು. ಆಮೇಲೆ ಹೊದಿಕೆ ಸರಿಸಿ ಪಟ್ಟಿಯ ತುದಿಯಲ್ಲಿ ಕಾಣುತ್ತಿದ್ದ ಹಳದಿಗಟ್ಟಿದ ಬೆರಳುಗಳನ್ನು ನೋಡಿದರು.

"ಕಾಲು ನಂದೇ. ಅಷ್ಟು ಬರೆದನಲ್ಲ, ಸಾಕು ಮಾರಾಯ್ರೆ."

ನಗು ಬರಬಾರದಾಗಿತ್ತು. ಬಂತು. ಬಾಯಿ ಮುಚ್ಚಿಕೊಂಡೆ. ಪಕ್ಕದ ಮಂಚದವನು ತಿರುಗಿ ನೋಡಿದ. ಲಾಂಡ್ರಿಯವರು ನಗಲಿಲ್ಲ.

"ಬಿಲ್ಡಿಂಗಿನವರಿಗೆ ಹೇಳ್ತೇನೆ, ಘಟ್ಟದ ಮೇಡಂ ನಕ್ಕರು ಅಂತ. ನನ್ನ ಕಾಲು ನೋಡಿ ನಕ್ಕರು ಅಂತ." ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿ, "ಇನ್ನು ಹೋಗಿ ಮೇಡಂ. ಇವತ್ತಿಗೆ ಸಾಕು," ಎಂದರು.

ಕಚೇರಿಯಲ್ಲಿ ನನಗೆ ಎಚ್ಚರಿಕೆಯ ಪತ್ರ ಕೊಟ್ಟು ಸ್ಥಳದ ಕೆಲಸದಿಂದ ತೆಗೆದರು. ಅದಕ್ಕೆ ಮುಂಚೆ ಆ ಕಾರ್ಡಿನ ಎಣಿಕೆ ಮುಗಿಸಲು ಒಂದು ದಿನ ಕೊಟ್ಟರು. ಸೈಕಲ್ಲುಗಳನ್ನೂ ನಡೆಯುವವರನ್ನೂ ಬೆಳಗಿನಿಂದ ಸಂಜೆಯವರೆಗೆ ಎಣಿಸಿದೆ. ಆ ಸಂಜೆಯ ಸಾಲಿನಲ್ಲಿ ಪಿಕಪ್ಪಿನ ಮುಂದೆ ನಾಲ್ಕು ಎಂದು ಹಾಕಿದೆ. ಕೆಳಗೆ ಟಿಪ್ಪಣಿಯ ಕಾಲಮಿನಲ್ಲಿ, ಸಮೀಕ್ಷೆಯವಳೇ ಚಾಲಕನಿಗೆ ಮೂರು ಸಲ ಹೊಡೆದಿದ್ದಾಳೆ ಎಂದೂ ಬರೆದೆ. ಮೇಲಧಿಕಾರಿ ಅದನ್ನು ಅಳಿಸಲಿಲ್ಲ.

ಸರ್ವಿಸ್ ರಸ್ತೆಯ ಗೆರೆ ನಕ್ಷೆಗೆ ವಾಪಸು ಬಂದಿದೆ. ಎರಡನೆಯ ಹಂತ ಎಂಬ ತುಂಡು ಗೆರೆಯಾಗಿ, ಎರಡು ಮೀಟರ್ ಅಗಲದಲ್ಲಿ. ಸ್ಥಳದಲ್ಲಿ ಇನ್ನೂ ಅದೇ ಮರಳು, ಅದೇ ಕಾರುಗಳು. ಲಾಂಡ್ರಿಯವರು ಈಗ ಅಂಗಡಿಯ ಒಳಗೆ ಎತ್ತರದ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಹಾಕುತ್ತಾರೆ. ಕಳೆದ ವಾರ ಬಟ್ಟೆ ಕೊಡಲು ಹೋದಾಗ ಹೊಸ ಸೈಕಲ್ಲೊಂದು ಅಂಗಡಿಯ ಮುಂದೆ ನಿಂತಿತ್ತು. ಬಲಗಡೆಯ ಪೆಡಲಿನ ಮೇಲೆ ಎರಡು ಹೆಬ್ಬೆರಳಿನಷ್ಟು ದಪ್ಪದ ಮರದ ತುಂಡನ್ನು ತಂತಿಯಿಂದ ಬಿಗಿದಿದ್ದರು.

"ಯಾರದ್ದು ಅಣ್ಣ?"

"ನಂದೇ. ಬರುವ ತಿಂಗಳಿಂದ ಬಿಡ್ತೇನೆ," ಎಂದರು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ನನ್ನನ್ನೇ ನೋಡುತ್ತ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಬರೆದುಕೊಳ್ಳಿ ಮೇಡಂ. ನಾನು ಅದರ ಮೇಲೆ ಕೂತು, ರೋಡಲ್ಲಿ, ಹೊಡೆಯೋದು."